ಹಳೆಯ ಗಾಯದ ಕಾಗದ

ನನ್ನ ಮಗಳ ಮೊದಲೆರಡು ಹೆರಿಗೆಗಳೂ ಶಸ್ತ್ರಚಿಕಿತ್ಸೆಯಿಂದಲೇ ಆದುವು. ಮೂರನೆಯ ಬಸಿರಿನಲ್ಲಿ ತವರಿಗೆ ಬಂದವಳು, “ಅಪ್ಪಾ, ಈ ಸಲ ಸಹಜವಾಗಿಯೇ ಹೆರಬೇಕೆಂದಿದ್ದೇನೆ” ಎಂದಳು. ಪಾಠಶಾಲೆಯಲ್ಲಿ ಕಾವ್ಯವ್ಯಾಕರಣಗಳನ್ನೋದಿದ ನನ್ನ ವಿದ್ಯೆ ಇಲ್ಲಿ ಮೂಕವಾಯಿತು.

ಒಮ್ಮೆ ಕೊಯ್ದರೆ ಮುಂದೆಯೂ ಕೊಯ್ಯಲೇಬೇಕೆಂಬ ಮಾತು 1916ರಲ್ಲಿ ನ್ಯೂಯಾರ್ಕಿನ ಕ್ರೇಗಿನ್ ಎಂಬ ವೈದ್ಯನಿಂದ ಹೊರಟುದು. ಆಗ ಗರ್ಭಾಶಯವನ್ನು ಮೇಲಿನಿಂದ ಉದ್ದಕ್ಕೆ ಸೀಳುತ್ತಿದ್ದರು; ಈಗ ಸಾಮಾನ್ಯವಾಗಿ ಕೆಳಭಾಗದಲ್ಲಿ ಅಡ್ಡಲಾಗಿ ಕೊಯ್ಯುವರು. ಅಂಥ ಗಾಯ ಒಂದೇ ಇದ್ದರೆ ಹೆರಿಗೆಯ ನೋವಿನಲ್ಲಿ ಅದು ಬಿರಿಯುವ ಸಂಭವ ಸುಮಾರು 200ಕ್ಕೆ ಒಂದು, ಎರಡಿದ್ದರೆ ಹೆಚ್ಚು. ಚರ್ಮದ ಮೇಲಿನ ಗೆರೆಯಿಂದ ಒಳಗಿನ ಗೆರೆ ತಿಳಿಯದಾದುದರಿಂದ ವೈದ್ಯೆಯು ಹಳೆಯ ಆಸ್ಪತ್ರೆಗಳ ಕಾಗದಗಳನ್ನು ಕೇಳಿದರು.

ಎರಡನೆಯದು ಸಿಕ್ಕಿತು, ಅಡ್ಡಗೆರೆಯೇ. ಮೊದಲನೆಯದನ್ನು, ಮೂವತ್ತು ವರ್ಷ ಊರ ಮಕ್ಕಳ ಹಾಜರಿಪಟ್ಟಿಗಳನ್ನು ಜೋಪಾನಮಾಡಿದ ನಾನೇ, ರದ್ದಿಯೊಡನೆ ಮಾರಿಬಿಟ್ಟಿದ್ದೆನು.

ಮಗಳು ನನ್ನನ್ನು ಬಯ್ಯಲಿಲ್ಲ. “ನಡುರಾತ್ರಿ ಗಾಯ ಬಿರಿದರೆ ಅರಿವಳಿಕೆಯ ವೈದ್ಯರೂ ರಕ್ತವೂ ಇಲ್ಲಿ ಒಡನೆಯೇ ದೊರೆಯುವುವೆ?” ಎಂದು ವೈದ್ಯೆಯನ್ನು ಕೇಳಿದಳು. ಇಲ್ಲವೆಂದರು. ಎರಡು ದಿನ ಯೋಚಿಸಿ, ಶಸ್ತ್ರಚಿಕಿತ್ಸೆಗೇ ಒಪ್ಪಿದಳು. ಆ ರಾತ್ರಿ ಅವಳು ಅತ್ತುದನ್ನು ನಾನು ಬಲ್ಲೆನು.

ಮುಹೂರ್ತ ನೋಡಲೆಂದು ಪಂಚಾಂಗವನ್ನು ತೆಗೆದೆನು. “ಅದಿರಲಿ ಅಪ್ಪಾ, ಈ ಸಲದ ಕಾಗದವನ್ನು ಪೆಟ್ಟಿಗೆಯಲ್ಲಿಡಿ” ಎಂದಳು.