ಕೆಂಪು ಗೆರೆಯ ಅಗಲ

ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ಬಾಮರ್ ಶ್ರೇಣಿ ಓದುತ್ತೇವೆ. ಹೈಡ್ರೋಜನ್ ಪರಮಾಣುವಿನ ಎಲೆಕ್ಟ್ರಾನ್ ಮೂರನೇ ಕಕ್ಷೆಯಿಂದ ಎರಡನೆಯದಕ್ಕೆ ಇಳಿದರೆ 656.3 ನ್ಯಾನೋಮೀಟರಿನ ಕೆಂಪು ಬೆಳಕು ಬರುತ್ತದೆ. ನಾವೆಲ್ಲ ಅಂಕಕ್ಕಾಗಿ ಬಾಯಿಪಾಠ ಮಾಡಿದ್ದು. ಇದೇ ಗೆರೆಯಿಂದ ಸಿಡಿದ ನಕ್ಷತ್ರದ ಆಘಾತ ತರಂಗದ ವೇಗ ಅಳೆಯುತ್ತಾರೆಂದು ತಿಳಿದ ಮೇಲೆ ಆ ಪುಟವನ್ನು ಮತ್ತೆ ತೆಗೆದೆ.

1006ರಲ್ಲಿ ದಕ್ಷಿಣದ ಆಕಾಶದಲ್ಲಿ ಒಂದು ನಕ್ಷತ್ರ ಸಿಡಿದದ್ದು ಕಂಡಿತು. ಈಜಿಪ್ಟಿನಲ್ಲಿ ಅದನ್ನು ನೋಡಿ, ಶುಕ್ರನಿಗಿಂತ ಎರಡೂವರೆಯಿಂದ ಮೂರು ಪಟ್ಟು ಎಂದು ಮುಂದೆ ಬರೆದಿಟ್ಟವರು ವೈದ್ಯ ಅಲಿ ಇಬ್ನ್ ರಿದ್ವಾನ್. ಆಗ ಅವರು ಹದಿನೆಂಟರ ಆಸುಪಾಸಿನ ವಿದ್ಯಾರ್ಥಿ, ಹೆಚ್ಚುಕಡಿಮೆ ನಮ್ಮದೇ ವಯಸ್ಸು! ನಮ್ಮ ಕೊಪ್ಪಳದ ಆಕಾಶದಲ್ಲಿ ಅದು ಈಜಿಪ್ಟಿಗಿಂತ ಮೇಲೆಯೇ ಇದ್ದಿರಬೇಕು, ನಾವು ಇನ್ನೂ ದಕ್ಷಿಣಕ್ಕಿದ್ದೇವಲ್ಲ. ಇಟಗಿಯ ಮಹಾದೇವ ದೇವಾಲಯ (1112) ಏಳಲು ಆಗಿನ್ನೂ ನೂರು ವರ್ಷ ಬಾಕಿ.

ನಮ್ಮ ಅಬ್ಬಾ ಕುಷ್ಟಗಿ ಕಡೆ ಕಲ್ಲು ಕ್ವಾರಿಯಲ್ಲಿ ದುಡಿಯುತ್ತಾರೆ. ಆಘಾತ ತರಂಗ ಎಂದರೆ ಏನೆಂದು ಅವರಿಗೆ ನಾನು ಹೆಚ್ಚು ಹೇಳಬೇಕಾಗಲಿಲ್ಲ. ಶಬ್ದಕ್ಕಿಂತ ವೇಗವಾಗಿ ಬರುವ ಒತ್ತಡಕ್ಕೆ ಮುಂದಿನ ಅನಿಲ ಪಕ್ಕಕ್ಕೆ ಸರಿಯಲು ಸಮಯವೇ ಸಿಗುವುದಿಲ್ಲ. ಒಮ್ಮೆಲೇ ಹಿಂಡಿ, ಕಾದುಹೋಗುತ್ತದೆ. ಆ ಬಿಸಿಯೊಳಗೆ ಸಿಕ್ಕ ತಣ್ಣನೆಯ ಹೈಡ್ರೋಜನ್ ಪರಮಾಣುಗಳು ಸಣ್ಣ ಕೆಂಪು ಗೆರೆ ಬೀರುತ್ತವೆ. ಕೆಲವು ತಮ್ಮ ಎಲೆಕ್ಟ್ರಾನನ್ನು ಬಿಸಿ ಪ್ರೋಟಾನಿಗೆ ಬಿಟ್ಟುಕೊಡುತ್ತವೆ. ಹಾಗೆ ಹುಟ್ಟಿದ ಹೊಸ ಪರಮಾಣು ಪ್ರೋಟಾನಿನ ವೇಗದಲ್ಲೇ ಓಡುತ್ತಾ ಬೆಳಗುವುದರಿಂದ, ಡಾಪ್ಲರ್ ಪರಿಣಾಮದಿಂದ ಅದರ ಗೆರೆ ಅಗಲವಾಗುತ್ತದೆ. ಆ ಅಗಲವೇ ಅಳತೆಗೋಲು. 1006ರ ಅವಶೇಷದ ವಾಯವ್ಯ ಅಂಚಿನಲ್ಲಿ ಹೀಗೆ ಸಿಕ್ಕ ವೇಗ ಸೆಕೆಂಡಿಗೆ ಸುಮಾರು 2900 ಕಿಲೋಮೀಟರ್. ಒಂದು ಸೆಕೆಂಡಿನಲ್ಲಿ ಹತ್ತಿರ ಹತ್ತಿರ ಕಾಶ್ಮೀರದಿಂದ ಕನ್ಯಾಕುಮಾರಿ! ಅದೂ ಸಿಡಿದದ್ದು ಕಂಡು ಸಾವಿರ ವರ್ಷ ಕಳೆದ ಮೇಲೆ.

ಅಬ್ಬಾ ಪೂರ್ತಿ ಕೇಳಿ, "ಇದನ್ನ ಓದಿದ್ರ ಕೆಲಸ ಎಲ್ಲಿ ಸಿಗತೈತಿ?" ಅಂದರು. ನ್ಯಾಯವಾದ ಪ್ರಶ್ನೆಯೇ. ನಮ್ಮ ಮನೆಯಲ್ಲಿ ವಿಜ್ಞಾನ ತೆಗೆದುಕೊಂಡ ಮೊದಲನೆಯವಳು ನಾನು. ಬಂಧುಗಳೆಲ್ಲ ನರ್ಸಿಂಗ್ ಎನ್ನುತ್ತಾರೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಹೆಸರು ಹೇಳಿದೆ. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕ ಅವರ ಮುಂದಾಳತ್ವದಲ್ಲೇ ತಯಾರಾದದ್ದು, ಅಲ್ಲಿ ಸಂಶೋಧನೆಗೆ ಹೋಗಬೇಕಾದರೆ ಮೊದಲು ಬಿಎಸ್ಸಿ, ಆಮೇಲೆ ಎಂಎಸ್ಸಿ ಆಗಬೇಕು ಎಂದೆ. ಅವರು ವರ್ಷಗಳನ್ನು ಬೆರಳಲ್ಲಿ ಎಣಿಸಿದರು.

"ನರ್ಸಿಂಗ್ ಅರ್ಜಿನೂ ತಾ, ಗಂಗಾವತಿ ಬಿಎಸ್ಸಿ ಅರ್ಜಿನೂ ತಾ" ಎಂದಿದ್ದಾರೆ. ಫಲಿತಾಂಶ ಬರಲಿ ಎಂದು ಕಾಯುತ್ತಿದ್ದೇನೆ.