ಡರ್ಟಿ ಕೌ ತೇಪೆ
ಲಿನಕ್ಸ್ ಕರ್ನಲ್‌ನ ‘ಡರ್ಟಿ ಕೌ’ ಬಗ್‌ಗೆ 2016ರ ಅಕ್ಟೋಬರ್‌ನಲ್ಲಿ ಹಾಕಿದ ತೇಪೆ ನೋಡ್ತಾ ಇದ್ದೆ. ಓದೋಕಷ್ಟೇ ಬಿಟ್ಟ ಫೈಲನ್ನ ಮೆಮೊರಿಗೆ ಖಾಸಗಿಯಾಗಿ ಮ್ಯಾಪ್ ಮಾಡ್ಕೊಂಡು ಬರೆಯೋಕೆ ಹೋದರೆ, ಕರ್ನಲ್ ಆ ಮೆಮೊರಿ ಪುಟದ ಬೇರೆ ನಕಲು ಮಾಡಿಕೊಡುತ್ತೆ. ಸರಿ. ಆದರೆ ನಕಲು ಆಗಿ, ಬರೆಯೋಕೆ ಮುಂಚಿನ ಆ ಚೂರು ಗ್ಯಾಪ್‌ನಲ್ಲಿ ಇನ್ನೊಂದು ಥ್ರೆಡ್ ‘ನಕಲು ಬೇಡ, ಬಿಸಾಕು’ ಅಂದರೆ? ಬರೆದದ್ದು ಸೀದಾ ಮೂಲ ಫೈಲಿಗೆ! ಸಾಮಾನ್ಯ ಬಳಕೆದಾರನೂ ರೂಟ್, ಅಂದ್ರೆ ಯಂತ್ರದ ಪೂರ್ತಿ ಯಜಮಾನ, ಆಗಬಹುದಿತ್ತು.

ತಮಾಷೆ ಅಂದ್ರೆ, ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಇದನ್ನ 2005ರಲ್ಲೇ ಸರಿಮಾಡೋಕೆ ಹೋಗಿದ್ದರು. ಐಬಿಎಂನ ಎಸ್390 ಯಂತ್ರಗಳಲ್ಲಿ ತೊಂದರೆ ಆಯ್ತು ಅಂತ ಆ ತಿದ್ದುಪಡಿನೇ ವಾಪಸ್ ಹೋಯ್ತು. ಆಗ ಈ ಬಗ್ ಬರೀ ಥಿಯರಿ ಅನ್ನಿಸಿತ್ತಂತೆ! ಕೊನೆಗೆ ಬೇಕಾಗಿದ್ದು, ‘ನಕಲು ಆಗಿದೆ’ ಅಂತ ಗುರುತಿಟ್ಟುಕೊಳ್ಳೋ ಒಂದು ಫ್ಲ್ಯಾಗ್, ನಕಲು ಇನ್ನೂ ಇದೆಯಾ ಅಂತ ನೋಡೋ ಒಂದು ಚೆಕ್. ಕೆಲವೇ ಸಾಲು ಕೋಡ್.