ಡಿಕ್ಲೇರ್ ಮಾಡದ ಫಂಕ್ಷನ್ನಿನ ಉತ್ತರ ನಂಬಬೇಡಿ

ಸಿ ಭಾಷೆಯಲ್ಲಿ ಒಂದು ಹಳೆಯ ಸಲಿಗೆ ಇತ್ತು. ಡಿಕ್ಲೇರ್ ಮಾಡದೆ ಫಂಕ್ಷನ್ ಕರೆದರೂ ಕಂಪೈಲರ್ ತಕರಾರು ಮಾಡುತ್ತಿರಲಿಲ್ಲ. ಆ ಫಂಕ್ಷನ್ ಇಂಟ್ ಕೊಡುತ್ತದೆ ಎಂದು ತಾನೇ ಊಹಿಸಿಕೊಳ್ಳುತ್ತಿತ್ತು. ಬೇರೆ ಫೈಲಿನಲ್ಲಿ ನೀವೇ ಬರೆದ ಫಂಕ್ಷನ್ ಡಬಲ್ ಕೊಡುತ್ತದೆ ಅನ್ನಿ. 64 ಬಿಟ್ ಲಿನಕ್ಸ್ ಪಿಸಿಯಲ್ಲಿ ಉತ್ತರ ಇರುವುದು ಎಕ್ಸ್‌ಎಂಎಂ0 ರಿಜಿಸ್ಟರಿನಲ್ಲಿ, ಪ್ರೋಗ್ರಾಂ ಓದುವುದು ಇಎಎಕ್ಸ್ ಅನ್ನು. ಕೈಗೆ ಸಿಗುವುದು ಕಸ. ಪಾಯಿಂಟರ್ ಆದರೆ ಇನ್ನೂ ಅಪಾಯ: 8 ಬೈಟ್‌ಗಳಲ್ಲಿ ಕೆಳಗಿನ 4 ಮಾತ್ರ ಉಳಿಯುತ್ತವೆ. ವಿಳಾಸ ಚಿಕ್ಕದಾಗಿರುವಷ್ಟು ದಿನ ಎಲ್ಲವೂ ಸರಿಯಾಗಿಯೇ ಕಾಣುತ್ತದೆ!

1999ರ ಸಿ ಮಾನಕವೇ ಈ ಸಲಿಗೆಯನ್ನು ಕಿತ್ತುಹಾಕಿತ್ತು. ಆದರೂ ಜಿಸಿಸಿ ಕಂಪೈಲರ್ ಬರೀ ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತಿತ್ತು. 2024ರಲ್ಲಿ ಬಂದ ಜಿಸಿಸಿ 14 ಅದನ್ನು ದೋಷವೆಂದೇ ಪರಿಗಣಿಸಿತು. ರೆಡ್ ಹ್ಯಾಟ್ ಪೋಷಿಸುವ ಫೆಡೋರಾ ಲಿನಕ್ಸ್, ತನ್ನ 40ನೇ ಆವೃತ್ತಿಗಾಗಿ ಹಳೆಯ ಪ್ಯಾಕೇಜುಗಳನ್ನು ಹುಡುಕಿ ತಿದ್ದಬೇಕಾಯಿತು. ಕಂಪೈಲ್ ಮಾಡುವ ಮೊದಲು ಯಾವ ಸೌಲಭ್ಯಗಳಿವೆ ಎಂದು ಪರೀಕ್ಷಿಸುವ ಕಾನ್ಫಿಗರ್ ಸ್ಕ್ರಿಪ್ಟುಗಳದ್ದೇ ದೊಡ್ಡ ತಲೆನೋವು: ಪರೀಕ್ಷೆಯ ತುಣುಕು ಕಂಪೈಲ್ ಆಗದಿದ್ದರೆ, ಇರುವ ಸೌಲಭ್ಯವನ್ನೂ ಅವು ಸದ್ದಿಲ್ಲದೆ ಇಲ್ಲವೆಂದುಬಿಡುತ್ತವೆ.

ಹಳೆಯ ಕೋಡ್ ಕೈಗೆ ಬಂದರೆ, ಫ್ಲಾಗ್ ಹಾಕಿ ಕಂಪೈಲರಿನ ಬಾಯಿ ಮುಚ್ಚಿಸಬೇಡಿ. ಸರಿಯಾದ ಹೆಡರ್ ಸೇರಿಸಿ.